ಡಾಂಬರಿನ ಅಕ್ಷರ

ಮೊದಲ ಮಳೆ ಬೀಳುವ ಮುಂಚೆ ಮನೆ ಮಾರಿಬಿಡಬೇಕು ಎಂದು ಮೊರೆನಿಕೆ ಹಟ ಹಿಡಿದಿದ್ದಳು. ಗಂಡ ಸತ್ತು ಏಳು ತಿಂಗಳಾಗಿತ್ತು. ಮನೆ ಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಇಬಾದಾನಿನ ಹಳೇ ಕೇರಿಯಲ್ಲಿ ಮಣ್ಣಿನ ಗೋಡೆಯ ಮೂರು ಕೋಣೆ, ತುಕ್ಕು ಹಿಡಿದ ತಗಡಿನ ಸೂರು, ಹಿತ್ತಲಲ್ಲಿ ಒಂದು ಪರಂಗಿ ಗಿಡ. ಮನೆ ಎಂದರೆ ಅಷ್ಟೇ.

ಮಳೆಗೂ ಮಾರಾಟಕ್ಕೂ ಏನು ಸಂಬಂಧ ಎಂದರೆ ಮುಂದಿನ ಗೋಡೆ. ಅದರ ಮೇಲೆ ಗಂಡ ಬರೆದ ಬರಹವಿತ್ತು. ಬಣ್ಣ ಬಳಿದು ಮುಚ್ಚಿದ್ದಳು. ಗೋಡೆ ಒಣಗಿರುವಷ್ಟು ದಿನ ಮುಚ್ಚಿಕೊಂಡೇ ಇರುತ್ತಿತ್ತು. ನೆನೆದರೆ ಎದ್ದು ಬರುತ್ತಿತ್ತು.

ಅವಳ ಗಂಡನ ಹೆಸರು ಒಯೆದೆಲೆ. ಲಾರಿ ನಿಲ್ದಾಣದಲ್ಲಿ ಟೈರಿಗೆ ಪಂಚರ್ ಹಾಕುತ್ತಿದ್ದ. ಮದುವೆಯಾದ ಎರಡನೇ ತಿಂಗಳಲ್ಲೇ ಈ ಮನೆ ಕೊಂಡ. ಸತ್ತುಹೋದ ಮುದುಕನೊಬ್ಬನ ಮನೆ ಅದು. ಅವನಿಗೆ ಮೂವರು ಹೆಂಡಿರು, ಹನ್ನೊಂದು ಮಕ್ಕಳು. ಹನ್ನೊಂದು ಜನರೂ ಒಪ್ಪಿ ಹೆಬ್ಬೆಟ್ಟು ಒತ್ತದೆ ಮನೆ ಕೈ ಬದಲಾಗುವಂತಿಲ್ಲ. ಒಯೆದೆಲೆ ಒಬ್ಬೊಬ್ಬರ ಬಾಗಿಲಿಗೂ ಮರ್ಯಾದೆಗೆ ಕೊಡುವ ಕೋಲಾ ಕಾಯಿ ಹಿಡಿದು ಹೋದ. ಕೊನೆಯವನು ಉತ್ತರದಲ್ಲಿ ದನದ ಸಂತೆಯಲ್ಲಿದ್ದ. ಎರಡು ದಿನ ಲಾರಿಯ ಮೇಲೆ ಕೂತು ಹೋಗಿ, ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ. ಕಾಗದದಲ್ಲಿ ಕೊಂಡವರ ಹೆಸರು ಬರೆಯುವಾಗ ತನ್ನ ಹೆಸರಿನ ಕೆಳಗೆ ಹೆಂಡತಿಯ ಹೆಸರನ್ನೂ ಬರೆಸಿದ. ಬರೆಯುವವನು ನಕ್ಕನಂತೆ. ನಗಲಿ ಬಿಡು ಎಂದು ಇವನು ಮನೆಗೆ ಬಂದು ಹೇಳಿದ್ದ.

ಮನೆಗೆ ಬಂದ ಮೊದಲ ತಿಂಗಳು ಇಬ್ಬರೂ ಬರೀ ಗೋಡೆ ಮೆತ್ತಿದರು. ಅವನು ಮಣ್ಣು ತುಳಿದ, ಅವಳು ನೀರು ಹೊತ್ತಳು. ನೆಲ ಸಾರಿಸಿದರು. ಬಾಗಿಲಿಗೆ ಹೊಸ ಚಿಲಕ ಹಾಕಿದರು. ಕೇರಿಯವರು ಅವಳನ್ನು ಇಯಾವೊ ಎಂದು ಕರೆದರು, ಎಂದರೆ ಮದುಮಗಳು. ಒಂದು ಮಗುವಾಗಿ, ಇಂಥವನ ತಾಯಿ ಎಂಬ ಹೆಸರು ಬರುವವರೆಗೂ ಅಲ್ಲಿ ಹೆಂಗಸಿಗೆ ಅದೇ ಹೆಸರು. ಎದುರು ಮನೆಯವಳು ಇಯಾ ಸಿಕಿರು, ಸಿಕಿರುವಿನ ತಾಯಿ. ರಸ್ತೆ ಬದಿಯಲ್ಲಿ ಒಲೆ ಹೂಡಿ ಅಲಸಂದೆ ವಡೆ ಕರಿದು ಮಾರುತ್ತಿದ್ದಳು. ದಿನಾ ಬೆಳಿಗ್ಗೆ ಅವಳು ಕೇಳುವುದೊಂದೇ: ನಿನ್ನ ಹೆಸರು ಬದಲಾಯಿಸೋದು ಯಾವಾಗ, ಇಯಾವೊ?

ಆಮೇಲೆ ಹೊಸ ಗೆಣಸಿನ ಹಬ್ಬ ಬಂತು. ಮನೆಗೆ ಬೀಗ ಹಾಕಿ ಮೂರು ದಿನ ಅವಳ ತವರಿಗೆ ಹೋದರು. ತಿರುಗಿ ಬಂದಾಗ ಬಾಗಿಲು ತೆರೆದಿತ್ತು. ಬೀಗ ಹೊಸದಾಗಿತ್ತು. ಒಳಗೆ ಅವರ ವಯಸ್ಸಿನದೇ ಒಂದು ಜೋಡಿ ಇತ್ತು. ಹುಡುಗಿ ನೆಲ ಗುಡಿಸುತ್ತಿದ್ದಳು. ಒಲೆಯ ಮೇಲೆ ಆ ಹುಡುಗಿಯದೇ ಮಡಕೆ ಕೂತಿತ್ತು.

"ಯಾರು ಬೇಕಿತ್ತು ನಿಮಗೆ?" ಎಂದು ಆ ಹುಡುಗಿ ಕೇಳಿದಳು.

"ಈ ಮನೆಯೋರು ಬೇಕಿತ್ತು," ಎಂದ ಒಯೆದೆಲೆ. ತವರಿನವರು ಕೊಟ್ಟ ಗೆಣಸಿನ ಹೊರೆ ಇನ್ನೂ ಅವನ ತಲೆಯ ಮೇಲೇ ಇತ್ತು.

"ನಾವೇ ಈ ಮನೆಯೋರು."

"ಹಾಗಾದ್ರೆ ಇದನ್ನ ಎಲ್ಲಿ ಇಳಿಸ್ಲಿ ಹೇಳಮ್ಮ, ಕತ್ತು ನೋಯ್ತಾ ಇದೆ."

ಯಾವನೋ ಮೋಸಗಾರ ಬೀಗ ಹಾಕಿದ ಮನೆ ನೋಡಿ, ತನ್ನದೆಂದು ಹೇಳಿ ಅವರಿಗೆ ಮಾರಿದ್ದ. ಆ ಊರಲ್ಲಿ ಅದೇನೂ ಹೊಸದಲ್ಲ. ಕೇರಿಯ ಹಿರಿಯರು ಸೇರಿದರು, ಹನ್ನೊಂದು ಹೆಬ್ಬೆಟ್ಟಿನ ಕಾಗದ ನೋಡಿದರು. ಆ ಜೋಡಿಗೂ ಮದುವೆಯಾಗಿ ಒಂದು ತಿಂಗಳಾಗಿತ್ತಷ್ಟೆ. ಹುಡುಗಿ ಗೋಡೆಗೆ ಮುಖ ಮಾಡಿ ಅತ್ತಳು. ಮೊರೆನಿಕೆ ಅವಳಿಗೆ ಎರಡು ಗೆಣಸು ಕೊಟ್ಟಳು. ಇನ್ನೇನು ಕೊಡಬೇಕೆಂದು ತಿಳಿಯಲಿಲ್ಲ. ಅವರು ಮಡಕೆ ಎತ್ತಿಕೊಂಡು ಹೋದರು. ಪೊರಕೆ ಮರೆತು ಹೋದರು. ಅದು ಮೂಲೆಯಲ್ಲೇ ಉಳಿಯಿತು. ಮೊರೆನಿಕೆ ಅದರಿಂದ ಒಂದು ದಿನವೂ ಗುಡಿಸಲಿಲ್ಲ.

ಮಾರನೇ ದಿನವೇ ಒಯೆದೆಲೆ ಗೋಡೆಯ ಮೇಲೆ ಬರೆಯಲು ನಿಂತ. ಈ ಮನೆ ಮಾರಾಟಕ್ಕಿಲ್ಲ. ಊರಿನ ಅರ್ಧ ಗೋಡೆಗಳ ಮೇಲೆ ಅದೇ ಮಾತು ಇರುತ್ತದೆ. ಎಲ್ಲರೂ ಕೆಂಪು ಬಣ್ಣದಲ್ಲಿ ಬರೆಯುತ್ತಾರೆ. ಇವನು ಸೂರಿನ ತೂತಿಗೆ ಬಳಿದು ಉಳಿದಿದ್ದ ಡಾಂಬರಿನ ಡಬ್ಬ ತೆಗೆದ. ಇಯಾ ಸಿಕಿರು ಒಲೆ ಬಿಟ್ಟು ಎದ್ದು ಬಂದು, ಜನ ಗೋಡೆ ಬರೀತಾರೆ, ನಿನ್ನ ಗಂಡ ರಸ್ತೆ ಹಾಕ್ತಿದಾನಲ್ಲೇ ಎಂದಳು.

"ಬಣ್ಣ ಎರಡು ಮಳೆಗೆ ಸಿಪ್ಪೆ ಏಳುತ್ತೆ," ಎಂದ ಅವನು. "ಇದು ನಾನು ಹೋದ್ರೂ ಹೋಗಲ್ಲ."

ಓದು ಅವನಿಗೂ ಅಷ್ಟಕ್ಕಷ್ಟೆ. ಅಕ್ಷರ ದೊಡ್ಡದು ಮಾಡಿ ಮಾಡಿ, ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಜಾಗ ಸಾಲದೆ ಹೋಯಿತು. ಸಾಲು ಮೇಲಕ್ಕೆ ಹತ್ತಿತು. ತನ್ನ ಕೆಲಸ ನೋಡಿ ತಾನೇ ನಕ್ಕು ಕೂತುಬಿಟ್ಟ. ಕೊನೆಯ ಅಕ್ಷರ ನೀನೇ ಬರಿ ಎಂದು ಬ್ರಷ್ಷು ಕೊಟ್ಟ. ಅವಳು ಮೋಡದ ಹಾಗೆ ದುಂಡಗೆ ಬರೆದಳು. ಬೆರಳಿಗೆ ಅಂಟಿದ ಡಾಂಬರು ಒಂದು ವಾರ ಹೋಗಲಿಲ್ಲ. ಅವಳು ತಿಂದ ಮುದ್ದೆಯಲ್ಲೆಲ್ಲ ಅದರದೇ ವಾಸನೆ.

ಒಂದು ವರ್ಷ ಚೆನ್ನಾಗಿತ್ತು. ಅದರ ಬಗ್ಗೆ ಹೇಳಲು ಏನೂ ಇಲ್ಲ, ಚೆನ್ನಾಗಿದ್ದ ದಿನಗಳೆಲ್ಲ ಒಂದೇ ಥರ ಇರುತ್ತವೆ.

ಒಂದು ಮಂಗಳವಾರ ಹೊಟ್ಟೆ ನೋವು ಎಂದ. ಶುಕ್ರವಾರ ಅವನಿರಲಿಲ್ಲ.

ಅವನ ಅಣ್ಣ ಲಾಗೋಸಿನಿಂದ ಬಂದ. ಸತ್ತವನನ್ನು ಅವನದೇ ಮನೆಯಲ್ಲಿ ಹೂಳಬೇಕು ಎಂದರು. ಹಿತ್ತಲಲ್ಲಿ ಪರಂಗಿ ಗಿಡದ ಪಕ್ಕ ಅಗೆದರು. ಇಕಿರೆಯಲ್ಲಿದ್ದ ತಾಯಿಗೆ ಸುದ್ದಿ ಮುಟ್ಟಿಸಿದರು, ಕರೆಸಲಿಲ್ಲ. ಹೆತ್ತವರು ಮಕ್ಕಳ ಗೋರಿ ನೋಡಬಾರದು, ಎಲ್ಲಿ ಹೂಳಿದರು ಎಂದು ಕೇಳಲೂಬಾರದು. ಹೇಳುವವರೂ ಇಲ್ಲ. ಆಕೆ ಕೇಳಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಮೊರೆನಿಕೆಗೆ ಮನೆಯೊಳಗೆ ಉಸಿರಾಡುವುದೇ ಕಷ್ಟವಾಯಿತು. ಮುದ್ದೆ ತಿರುವಿದರೆ ಇಬ್ಬರಿಗಾಗುತ್ತಿತ್ತು. ಮಧ್ಯಾಹ್ನ ಬಿಸಿಲು ಏರಿದಾಗ ಮುಂದಿನ ಕೋಣೆಯಲ್ಲಿ ಡಾಂಬರಿನ ವಾಸನೆ ತುಂಬುತ್ತಿತ್ತು, ಅವನು ಈಗ ತಾನೇ ಡಬ್ಬ ತೆರೆದ ಹಾಗೆ. ಒಮ್ಮೊಮ್ಮೆ ಗೋಡೆಯ ಆಚೆ ಬ್ರಷ್ಷು ಎಳೆದ ಸದ್ದು. ಹೊರಗೆ ಹೋಗಿ ನೋಡಿದರೆ ಇಯಾ ಸಿಕಿರು ಬಾಣಲೆ ಉಜ್ಜುತ್ತಿರುತ್ತಿದ್ದಳು. ಕೆಲವು ಸಲ ಇಯಾ ಸಿಕಿರು ಅಲ್ಲಿರುತ್ತಲೂ ಇರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಹೆಸರು. ಕೇರಿ ಇನ್ನೂ ಅವಳನ್ನು ಇಯಾವೊ ಎಂದೇ ಕರೆಯುತ್ತಿತ್ತು. ಬೇರೆ ಹೆಸರು ಕೊಡಲು ಮಗುವಿರಲಿಲ್ಲ. ಅವನು ಹಿತ್ತಲಲ್ಲಿ ಮಲಗಿದ್ದ, ಇವಳು ಮುಂದಿನ ಕೋಣೆಯಲ್ಲಿ ಮದುಮಗಳಾಗಿಯೇ ಇದ್ದಳು.

ಮಾರುತ್ತೇನೆ ಎಂದಳು. ಮಾರಿ ಅಕ್ಕನ ಊರಿಗೆ ಹೋಗಿ ಬಟ್ಟೆ ವ್ಯಾಪಾರ ಮಾಡುತ್ತೇನೆ. ಭಾವ ನಿನ್ನಿಷ್ಟ ಎಂದ. ಮನೆ ಏಜೆಂಟ್ ಲಮಿದಿ ಬಂದು ಕೋಣೆ ಅಳೆದ, ಸೂರು ನೋಡಿದ, ಹಿತ್ತಲಿನ ಗೋರಿಗೆ ಕೈ ಮುಗಿದ. ಗೋರಿ ಇದ್ದರೆ ಇರಲಿ, ಯಾವ ಮನೆಯಲ್ಲಿಲ್ಲ ಎಂದ. ಮುಂದಿನ ಗೋಡೆಯ ಎದುರು ಬಂದು ತಲೆ ಕೆರೆದುಕೊಂಡ.

"ಇಯಾವೊ, ಇದನ್ನ ಇಟ್ಕೊಂಡು ನಾನು ಗಿರಾಕಿ ಕರ್ಕೊಂಡು ಬಂದ್ರೆ ನನ್ನನ್ನೇ ಕಳ್ಳ ಅಂತ ಹಿಡಿದು ಕಟ್ಟಿಹಾಕ್ತಾರೆ."

ಅವಳು ಸುಣ್ಣ ತಂದು ಬಳಿದಳು. ಎರಡು ದಿನಕ್ಕೆ ಕಂದು ಬಣ್ಣದ ಗೆರೆ ಎದ್ದಿತು. ಮೊದಲು ಕಂಡದ್ದು ಕೊನೆಯ ಅಕ್ಷರ, ಅವಳು ಬರೆದದ್ದು. ಮತ್ತೆ ಬಳಿದಳು. ಮತ್ತೆ ಬಂತು. ಅಂಗಡಿಯ ಒಳ್ಳೆ ಬಣ್ಣವನ್ನೇ ತಂದು ಎರಡು ಕೋಟು ಹೊಡೆದಳು. ಅದು ಒಣಗಿ ಬೆಳ್ಳಗೆ ನಿಂತಿತು. ಬೇಸಗೆ ಪೂರ್ತಿ ನಿಂತಿತು. ಲಮಿದಿ ಎರಡು ಗಿರಾಕಿ ತಂದ. ಇಬ್ಬರೂ ದೊಡ್ಡ ಮನೆ ಬೇಕೆಂದರು. ಮೂರನೆಯವನು ತಗಡಿನ ವ್ಯಾಪಾರಿ. ಮನೆ ಒಪ್ಪಿದ. ಸೋಮವಾರ ಬಂದು ಕಾಗದ ಮಾಡಿಕೊಳ್ಳುತ್ತೇನೆ ಎಂದ. ಹಿತ್ತಲಲ್ಲಿ ಸಿಮೆಂಟು ಹಾಕಿಸಿ ತಗಡು ಪೇರಿಸಬಹುದು ಎಂದು ಲಮಿದಿಯ ಹತ್ತಿರ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು. ಗೋರಿಯ ಮೇಲೇ ಸಿಮೆಂಟು ಬೀಳುತ್ತದೆ. ಆದರೂ ಅವಳಿಗೆ ಅಲ್ಲಿಂದ ಹೋದರೆ ಸಾಕಾಗಿತ್ತು.

ಶನಿವಾರ ಬೆಳಗ್ಗೆ ಮಳೆ ಬಂತು. ವರ್ಷದ ಮೊದಲ ಮಳೆ. ಅರ್ಧ ಗಂಟೆ ತಗಡು ಬಡಿದು ನಿಂತಿತು. ಅವಳು ಹೊರಗೆ ಬಂದು ನೋಡಿದಳು. ಬಣ್ಣ ಉಬ್ಬಿತ್ತು. ಅದರ ಅಡಿಯಿಂದ ಅಕ್ಷರಗಳು ಎದ್ದಿದ್ದವು. ಕಂದು ಅಲ್ಲ ಈ ಸಲ, ಕಪ್ಪು.

ಬಣ್ಣ ಬಳಿಯುವವನನ್ನು ಕರೆಸಿದಳು. ಅವನು ಉಗುರಿನಿಂದ ಕೆರೆದು ನೋಡಿ, ಡಾಂಬರಿಗೆ ಬಣ್ಣ ನಿಲ್ಲಲ್ಲ, ಮೆತ್ತಿದ ಮಣ್ಣನ್ನೇ ಕೆತ್ತಿ ತೆಗೀಬೇಕು ಎಂದ. ತನಗೆ ಬೇರೆ ಕಡೆ ಕೆಲಸವಿದೆ ಎಂದು ಹೋದ. ಹೋಗುವಾಗ ಉಳಿ ಬಿಟ್ಟು ಹೋದ. ಮೊರೆನಿಕೆ ಉಳಿ, ಕಲ್ಲು ಹಿಡಿದು ಗೋಡೆಯ ಎದುರು ಕೂತಳು. ಮೊದಲ ಅಕ್ಷರಕ್ಕೆ ಉಳಿ ಇಟ್ಟಳು. ಒಂದೇ ಏಟಿಗೆ ಹೆಬ್ಬೆರಳಗಲ ಮಣ್ಣು ಕಳಚಿತು. ಕಳಚಿದ ಮಣ್ಣಿನ ಹಿಂಬದಿಯಲ್ಲಿ ಬೆರಳಿನ ಗುರುತಿತ್ತು. ಒಯೆದೆಲೆ ಮೆತ್ತಿದ ಗೋಡೆ. ಅವಳು ಅದನ್ನು ನೆಲಕ್ಕಿಟ್ಟಳು, ಎಸೆಯಲಿಲ್ಲ.

ಆಗ ಇಯಾ ಸಿಕಿರು ಕೂಗಿದಳು. ಮೊರೆನಿಕೆ ತಿರುಗಿದಳು. ರಸ್ತೆಯಾಚೆ ವಡೆ ಒಲೆಯ ಪಕ್ಕದ ಬೆಂಚಿನ ಮೇಲೆ ಅವಳ ಅತ್ತೆ ಕೂತಿದ್ದಳು.

ಮಗ ಸತ್ತ ಮೇಲೆ ಆಕೆ ಈ ಊರಿಗೆ ಕಾಲಿಟ್ಟಿದ್ದು ಅದೇ ಮೊದಲು. ಇಕಿರೆಯಿಂದ ಮೊದಲ ವ್ಯಾನಿಗೆ ಬಂದಿದ್ದಳು. ಸೀರೆಯಷ್ಟು ಉದ್ದದ ತಲೆವಸ್ತ್ರ ಸುತ್ತಿಕೊಂಡು, ಅದರ ಒಂದು ತುದಿಯನ್ನು ಎಡಗೈಯಲ್ಲಿ ಕಣ್ಣಿನ ಪಕ್ಕಕ್ಕೆ ಮರೆ ಹಿಡಿದಿದ್ದಳು. ಎಡಕ್ಕೆ ಮನೆಯ ಸಂದಿ. ಸಂದಿಯ ಕೊನೆಯಲ್ಲಿ ಹಿತ್ತಲು. ಗೋರಿ ಎಲ್ಲಿದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಆದರೂ ಆಕೆಯ ಕೈ ಸರಿಯಾಗಿ ಆ ಪಕ್ಕವನ್ನೇ ಮುಚ್ಚಿತ್ತು.

ಮೊರೆನಿಕೆ ರಸ್ತೆ ದಾಟಿ ಮಂಡಿಯೂರಿದಳು. ಅತ್ತೆ ಅವಳ ಕೈಯಲ್ಲಿದ್ದ ಉಳಿ ನೋಡಿದಳು. ದೊಡ್ಡ ಮಗ ಹೇಳಿದ ಎಂದಳು. ಮಾರುತ್ತಿದ್ದೀಯಂತೆ. ಮಾರು. ನಿನ್ನ ವಯಸ್ಸಿಗೆ ಗೋಡೆ ಕಾಯುತ್ತ ಕೂರಬೇಕಾಗಿಲ್ಲ. ಒಳಗೆ ಬರಲು ನನಗೆ ಆಗುವುದಿಲ್ಲ, ಅದು ನಿನಗೂ ಗೊತ್ತು. ಅವನ ಸಾಮಾನು ನೋಡಲಾಗಲಿಲ್ಲ, ಮುಖ ನೋಡಲಾಗಲಿಲ್ಲ. ಗೋಡೆ ಮಾತ್ರ ರಸ್ತೆಗಿದೆಯಂತಲ್ಲ, ಅದನ್ನಾದರೂ ನೋಡಿ ಹೋಗುತ್ತೇನೆ.

ಮೊರೆನಿಕೆ ಆಕೆಯ ಕೈ ಹಿಡಿದು ದಾಟಿಸಿದಳು. ಮುದುಕಿ ತಲೆವಸ್ತ್ರದ ಮರೆ ಬಿಡದೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಒದ್ದೆ ಗೋಡೆಯ ಮೇಲೆ ಬಲಗೈ ಇಟ್ಟಳು. ಅಕ್ಷರ ಬಾರದವಳು. ಒಂದೊಂದು ಗೆರೆಯನ್ನೂ ಬೆರಳಿನಿಂದ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಡವಿದಳು. ಉಳಿ ತಾಗಿದ ಗುಳಿ ಸಿಕ್ಕಾಗ ಬೆರಳು ನಿಂತಿತು. ಆಮೇಲೆ ದಾಟಿತು. ಕಿಟಕಿಯ ಹತ್ತಿರ ಸಾಲು ಮೇಲಕ್ಕೆ ಹತ್ತಿದಾಗ ಆಕೆಯ ಕೈಯೂ ಹತ್ತಿತು.

"ಇಲ್ಲಿ ಕೈ ಬೇರೆ ಇದೆ," ಎಂದಳು.

"ಅದು ನಂದು, ಅಮ್ಮ. ಕೊನೇದು ನಾನು ಬರೆದೆ."

ಆ ಅಕ್ಷರದ ಮೇಲೆ ಅಂಗೈ ಪೂರ್ತಿ ಇಟ್ಟುಕೊಂಡು ಆಕೆ ಕೇಳಿದಳು: "ಏನಂತ ಬರೆದಿದೀರಿ ಇಬ್ರೂ?"

ಮೊರೆನಿಕೆ ಸುಳ್ಳು ಹೇಳಬಹುದಿತ್ತು. ಹೆಸರು ಬರೆದಿದ್ದೇವೆ ಎನ್ನಬಹುದಿತ್ತು. ರಸ್ತೆಯಾಚೆ ಇಯಾ ಸಿಕಿರು ಬಾಣಲೆಯಲ್ಲಿ ಸೌಟು ಬಿಟ್ಟು ಇತ್ತಲೇ ನೋಡುತ್ತಿದ್ದಳು.

"ಈ ಮನೆ ಮಾರಾಟಕ್ಕಿಲ್ಲ ಅಂತ."

ಅತ್ತೆ ತಲೆಯಾಡಿಸಿದಳು. "ನಂಗೊತ್ತು. ಊರಿನ ಗೋಡೆಗಳ ಮೇಲೆಲ್ಲ ಇನ್ನೇನಿರುತ್ತೆ. ನಿನ್ನ ಬಾಯಲ್ಲಿ ಕೇಳ್ಬೇಕಿತ್ತು."

ಆಮೇಲೆ ಬೆಂಚಿಗೆ ಹೋಗಿ ಕೂತಳು. ಎರಡು ವಡೆ ತಿಂದಳು. ಕರಿದದ್ದು ಗಟ್ಟಿಯಾಯಿತು ಎಂದು ಇಯಾ ಸಿಕಿರುವಿಗೆ ಹೇಳಿದಳು. ಹಲ್ಲಿಲ್ಲದವರಿಗೆ ಗಾಳಿಯೂ ಗಟ್ಟಿಯೇ ಎಂದು ವಡೆಯವಳು ಹೇಳಿದಳು. ಮಾರಬೇಡ ಎಂಬ ಒಂದು ಮಾತೂ ಮುದುಕಿಯ ಬಾಯಿಂದ ಬರಲಿಲ್ಲ. ಮಧ್ಯಾಹ್ನದ ವ್ಯಾನಿಗೆ ಹೋದಳು. ವ್ಯಾನಿನಲ್ಲಿ ಕೂತಾಗಲೂ ಆಕೆಯ ಬೆರಳ ತುದಿ ಕಪ್ಪಗಿತ್ತು.

ಭಾನುವಾರ ಮೊರೆನಿಕೆ ಹಿತ್ತಲಿಗೆ ಹೋಗಿ ಗೋರಿಯ ಪಕ್ಕ ಕೂತಳು. ನಾಳೆ ಮಾರುತ್ತೇನೆ ಎಂದು ಹೇಳಲು ಹೋಗಿದ್ದಳು. ಕೂತಳು, ಬಾಯಿ ತೆರೆದಳು. ಹೊರಗೆ ಬಂದದ್ದು ಗೋಡೆಯ ಮೇಲಿದ್ದ ಮಾತೇ. ಅವನ ಹೆಂಡತಿಯಾಗಿ ಅವಳು ಬರೆದದ್ದು ಅದರ ಕೊನೆಯ ಅಕ್ಷರವೊಂದೇ. ಅದನ್ನೂ ಕೆತ್ತಿ ಹಾಕಿದರೆ ಆ ಮುದುಕಿ ಮುಂದಿನ ಸಲ ಬಂದು ಯಾವುದನ್ನು ಮುಟ್ಟಬೇಕು?

ಸೋಮವಾರ ಲಮಿದಿ ವ್ಯಾಪಾರಿಯನ್ನು ಕರೆದುಕೊಂಡು ಬಂದ. ಗೋಡೆ ನೋಡಿ ವ್ಯಾಪಾರಿ ಗಾಡಿಯಿಂದ ಇಳಿಯಲೇ ಇಲ್ಲ. ಲಮಿದಿ ಕೈ ಕೈ ಹಿಸುಕಿಕೊಂಡ. ಕೆತ್ತಿಸಬಾರದಿತ್ತೇ, ನನ್ನ ಮರ್ಯಾದೆ ಹೋಯಿತು ಎಂದ. ಇಷ್ಟು ತಿಂಗಳು ಸುತ್ತಾಡಿಸಿದೆ ಎಂದ. ಅವಳು ಒಪ್ಪಿಕೊಂಡಳು. ತಪ್ಪು ನಂದೇ, ಕೂತು ಮುದ್ದೆ ತಿಂದು ಹೋಗು ಎಂದಳು. ಇಬ್ಬರಿಗಾಗುವಷ್ಟು ಇದ್ದೇ ಇತ್ತು.

ಕೆತ್ತಿದ ಗುಳಿಗೆ ಕಳಚಿದ ಮಣ್ಣನ್ನೇ ನೆನೆಸಿ ಮೆತ್ತಿದಳು. ಅದರ ಮೇಲೆ ಬರೆಯಲು ಡಬ್ಬದಲ್ಲಿ ಡಾಂಬರು ಉಳಿದಿರಲಿಲ್ಲ. ಹಾಗೇ ಬಿಟ್ಟಳು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಮಣ್ಣಿನಲ್ಲೂ ಕಪ್ಪು ಇಳಿದು, ಮೊದಲ ಅಕ್ಷರ ತಾನಾಗಿ ತುಂಬಿಕೊಂಡಿತ್ತು. ಪಕ್ಕದ ಡಾಂಬರು ಹರಡಿತು ಎಂದು ಬಣ್ಣದವನು ಹೇಳಿದ. ಇರಬಹುದು.

ಈಗಲೂ ವರ್ಷದ ಮೊದಲ ಮಳೆಯ ಮಾರನೇ ದಿನ ಮುದುಕಿ ಬರುತ್ತಾಳೆ. ತಲೆವಸ್ತ್ರ ಮರೆ ಹಿಡಿದು ಗೋಡೆ ತಡವಿ, ವಡೆ ತಿಂದು ಹೋಗುತ್ತಾಳೆ. ಒಳಗೆ ಬರುವುದಿಲ್ಲ. ಹಿಂದೆ ಮಗ, ಮುಂದೆ ತಾಯಿ, ನಡುವೆ ಮೂರು ಕೋಣೆ. ಮೊರೆನಿಕೆ ಆ ಕೋಣೆಗಳನ್ನು ಗುಡಿಸುತ್ತಾಳೆ, ಸಾರಿಸುತ್ತಾಳೆ. ಬಿಸಿಲೇರಿದಾಗ ಡಾಂಬರಿನ ವಾಸನೆ ಬಂದರೆ ಹೊರಗೆ ಹೋಗಿ ನೋಡುವುದಿಲ್ಲ. ಕೇರಿಯವರು ಇಯಾವೊ ಎಂದು ಕೂಗುತ್ತಾರೆ. ಓ ಎನ್ನುತ್ತಾಳೆ.