ಕೆಂಪು ದನದ ಸಗಣಿ

ಪುಡಿ ತಿಂದ ದನದ ಸಗಣಿಯಿಂದ ಒಲೆಯ ಉರಿ ಕುಗ್ಗುತ್ತದೆ ಎಂದು ಮೊದಲು ಹೇಳಿದ್ದು ನಾನೋ, ಮಾವನೋ ಎಂಬುದು ಈಗ ಖಚಿತವಿಲ್ಲ. ಕೊಟ್ಟಿಗೆಯಲ್ಲಿ ಚಾ ಲೋಟ ಹಿಡಿದು ನಿಂತಿದ್ದೆ ಎಂದು ನೆನಪು ಹೇಳುತ್ತದೆ. ಆದರೆ ಎರಡೂ ಕೈಯಲ್ಲಿ ಗ್ಯಾಸು ಅಳೆಯುವ ಯಂತ್ರ ಹಿಡಿದಿದ್ದ ನಾನು ಲೋಟ ಹಿಡಿದದ್ದಾದರೂ ಹೇಗೆ?

ವಿಶ್ವವಿದ್ಯಾಲಯದಲ್ಲಿ ಪಶು ಆಹಾರದ ಬಗ್ಗೆ ಓದಿ, ಒಂದು ಯೋಜನೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಮೆಲುಕು ಹಾಕುವ ದನದ ತೇಗಿನಲ್ಲಿ ಮೀಥೇನ್ ಇರುತ್ತದೆ, ಅದು ಭೂಮಿಯನ್ನು ಬಿಸಿ ಮಾಡುತ್ತದೆ. ಹಿಂಡಿಗೆ ಖನಿಜದ ಪುಡಿ ಬೆರೆಸಿದರೆ ಅದು ಕಡಿಮೆಯಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಶಿರಸಿ, ಯಲ್ಲಾಪುರದ ಕಡೆ ಯಾರೂ ಒಪ್ಪದೆ, ಕೊನೆಗೆ ಸಿದ್ದಾಪುರದ ಪಕ್ಕದ ಕೋಲಸಿರ್ಸಿಗೆ, ಸೋದರತ್ತೆ, ಮಾವನ ಮನೆಗೆ ಬಂದೆ. ಅಲ್ಲಿ ಎರಡು ದನ. ಹೋಲಿಸಿ ನೋಡಬೇಕಲ್ಲ, ಕೆಂಪು ದನಕ್ಕೆ ಪುಡಿ, ಕಪ್ಪು ದನಕ್ಕೆ ಇಲ್ಲ.

ಯಂತ್ರವನ್ನು ದನದ ಮೂತಿಯ ಕಡೆ ಹಿಡಿದು ತೇಗಿಗಾಗಿ ಕಾಯಬೇಕು. ದನ ನನ್ನನ್ನು ನೋಡುತ್ತಿತ್ತು, ನಾನು ದನವನ್ನು. ಊಟ ಮುಗಿಸಿ ಬಂದ ಮಾವ ಪಕ್ಕದಲ್ಲಿ ನಿಂತು ದೊಡ್ಡದಾಗಿ ತೇಗಿದ.

“ಇದನ್ನೂ ಬರ್ಕ ತಮಾ. ದನಕ್ಕಿಂತ ಯಂದೇ ಜೋರಿದ್ದು.”

ಅತ್ತೆಗೆ ನಗು ಬರಲಿಲ್ಲ. ಅವಳು ಗೋಬರ್ ಗ್ಯಾಸಿನ ಒಲೆಯಲ್ಲಿ ಹೋಳಿಗೆ ಮಾಡಿ ಸಿದ್ದಾಪುರದ ಅಂಗಡಿಗಳಿಗೆ ಕೊಡುತ್ತಿದ್ದಳು. ಉರಿ ಹದ ತಪ್ಪಿದರೆ ಅವಳ ವ್ಯಾಪಾರವೇ ತಪ್ಪಿದಂತೆ.

“ದನದ ಬಾಯಿಂದ ಬಪ್ಪದು ಎಂತ ಗ್ಯಾಸಾ?”

“ಮೀಥೇನ್ ಅತ್ತೆ. ನಿನ್ನ ಒಲೇಲಿ ಉರಿತಲಾ, ಅದೇ.”

ಇಷ್ಟು ಹೇಳಿದ್ದು ನಾನು. “ಹಂಗಾರೆ ಪುಡಿ ತಿಂದ್ರೆ ಒಲೆದೂ ಕಡಿಮೆ ಆಗ್ತು” ಎಂದದ್ದು ಮಾವನೇ ಇರಬೇಕು. ನಾನಾಗಿದ್ದರೆ ‘ಆಗಬಹುದು, ಆಗದೆಯೂ ಇರಬಹುದು’ ಎಂದು ಸೇರಿಸಿರುತ್ತಿದ್ದೆ.

ಕೆಲವು ವಾರ ಬಿಟ್ಟು ಹೋದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಹಿಡಿದಳು.

“ಕಂಡ್ಯಾ? ಉರಿ ಅರ್ಧ ಆಜು! ಭಾನುವಾರ ಗೃಹಪ್ರವೇಶಕ್ಕೆ ಹೋಳಿಗೆ ಕೊಡ್ತೆ ಹೇಳಿ ಒಪ್ಕಂಡು ಕೂತಿದ್ದೆ. ನಿನ್ನ ಪುಡಿ ಭಾರಿ ಜೋರಿದ್ದು ಮಾರಾಯಾ.”

ನನಗೆ ಸಂತೋಷವಾಯಿತು, ಕೂಡಲೇ ಅನುಮಾನವೂ ಆಯಿತು. ಯಾವ ಪುಡಿಯೂ ಇಷ್ಟು ಒಳ್ಳೆಯದಿರುವುದಿಲ್ಲ. ಕೊಟ್ಟಿಗೆಯ ಹಿಂದೆ ಹೋದರೆ ಮಾವ ಸಗಣಿಯ ಬುಟ್ಟಿಯನ್ನು ಗ್ಯಾಸಿನ ಟ್ಯಾಂಕಿಗೆ ಒಯ್ಯದೆ ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದ.

“ಎಂತಕೆ ಮಾವಾ, ಅದು ಗುಂಡಿಗೆ?”

“ಇದು ಕೆಂಪಿದು. ಪುಡಿ ತಿಂದದ್ದು. ಟ್ಯಾಂಕಿಗೆ ಹಾಕಿದ್ರೆ ಗ್ಯಾಸು ಕಡಿಮೆ ಆಗ್ತಲಾ? ಅದಕ್ಕೇ ಮೊದಲ ದಿನದಿಂದ್ಲೇ ಬೇರೆ.”

“ಅರ್ಧ ಸಗಣಿ ಹಾಕದಿದ್ರೆ ಗ್ಯಾಸು ಅರ್ಧ ಆಗದೆ ಇನ್ನೆಂತ ಆಗ್ತು?”

ಮಾವ ಬುಟ್ಟಿ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದ.

“ಹಾಕದಿದ್ರೇ ಇಷ್ಟು ಇಳದ್ದು. ಹಾಕಿದ್ರೆ ಎಷ್ಟು ಇಳೀತಿತ್ತು ನೋಡು!”

ಭಾನುವಾರದ ಹೋಳಿಗೆ ಸೌದೆ ಒಲೆಯಲ್ಲಿ ಆಯಿತು. ಹೊಗೆಯ ವಾಸನೆ ಎಂದು ಗೃಹಪ್ರವೇಶದ ಮನೆಯವರು ಗೊಣಗಿದರು. ಅತ್ತೆ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ, ಅಥವಾ ನಾನೇ ಆ ಕಡೆ ಹೋಗಲಿಲ್ಲವೋ. ಪುಡಿಯನ್ನಂತೂ ನಿಲ್ಲಿಸಿದೆವು. ಕೆಂಪು ದನದ ಸಗಣಿ ಮಾತ್ರ ಬೇರೆಯೇ ಉಳಿಯಿತು.

“ಮೈಯೊಳಗೆ ಸೇರಿದ್ದು ಅಷ್ಟು ಬೇಗ ಹೋಗ್ತಿಲ್ಲೆ,” ಎಂದು ಅತ್ತೆ ಫೋನಿನಲ್ಲಿ ತೀರ್ಪು ಕೊಟ್ಟಳು.

ಕೆಂಪು ದನದ ತೇಗಿನಲ್ಲಿ ಮೀಥೇನ್ ನಿಜವಾಗಿ ಕಡಿಮೆಯಾಗಿತ್ತೇ? ಯಂತ್ರ ಒಂದು ದಿನ ಹೌದು ಎಂದಿತ್ತು, ಮರುದಿನ ಅಲ್ಲ ಎಂದಿತ್ತು; ಯಾವುದು ಮೊದಲು ಎಂಬುದೂ ಮರೆತಿದೆ. ಟ್ಯಾಂಕಿಗೆ ಸಗಣಿ ಸಾಲದೆ ಅತ್ತೆ ಹೊಸ ದಾರಿ ಹಿಡಿದಿದ್ದಾಳೆ ಎಂದು ಸಂಬಂಧಿಕರೊಬ್ಬರು ಹೇಳಿದಾಗಲೂ ನಾನು ನಂಬಿರಲಿಲ್ಲ. ಅದೊಂದನ್ನು ಮಾತ್ರ ಕಳೆದ ತಿಂಗಳು ಕೋಲಸಿರ್ಸಿಗೆ ಹೋಗಿ ಕಣ್ಣಾರೆ ನೋಡಿ ಬಂದೆ. ಒಲೆಯ ಉರಿ ಮೊದಲಿನಂತೆ ನೀಲಿಯಾಗಿದೆ, ಹೋಳಿಗೆ ಹದವಾಗಿ ಬೇಯುತ್ತಿದೆ. ಕೆಂಪಿನ ಸಗಣಿ ಈಗಲೂ ಗುಂಡಿಗೇ; ಅದರ ಬದಲಿಗೆ ಹೊಸದೊಂದು ಸೇರಿ ಕೊಟ್ಟಿಗೆಯಲ್ಲಿ ಈಗ ಮೂರು ದನ. ಮೂರೂ ಮೆಲುಕು ಹಾಕುತ್ತಾ ತೇಗುತ್ತಿದ್ದವು.