ಚಿಪ್ಪು ಬಿಟ್ಟ ವಾಚು

"ಒಳಗೆ ಮಿಷನ್ನು ಚಿಪ್ಪು ಬಿಟ್ಟೈತೆ ಕಣಪ್ಪ. ಬೇಕಾದ್ರೆ ತಗೊಂಡೋಗು."

ಹೋದ ಭಾನುವಾರ ಬೆಳಿಗ್ಗೆ 10.40ಕ್ಕೆ, ಬಿಳಿಗೆರೆಯಲ್ಲಿ, ತಮ್ಮ ಮನೆಯ ಜಗಲಿಯ ಮೇಲೆ, ನಂಜಪ್ಪಜ್ಜ ಹೀಗೆಂದು ಒಂದು ಹಳೇ ವಾಚನ್ನು ನನ್ನ ಅಂಗೈಯಲ್ಲಿಟ್ಟರು. (ಸಮಯ ಹೇಗೆ ಗೊತ್ತು ಅಂತೀರಾ? ಬರೆದಿಟ್ಟುಕೊಂಡಿದ್ದೇನೆ.)

ಹಳೇ ವಾಚು ಕೂಡಿಡುವ ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ನೋಟ್‌ಬುಕ್ಕಿನಲ್ಲಿ ಈವರೆಗೆ ಮೂವತ್ತೊಂದು. ಎಲ್ಲವೂ ದಿನಾ ಕೀ ಕೊಡಬೇಕಾದವು. ಕೀ ಕೇಳದ, ಬ್ಯಾಟರಿಯೂ ಬೇಡದ ಆಟೊಮ್ಯಾಟಿಕ್ ಒಂದೂ ಸಿಕ್ಕಿರಲಿಲ್ಲ. ಮೂವತ್ತೆರಡನೇ ಸಾಲನ್ನು ಅದಕ್ಕೆಂದೇ ಖಾಲಿ ಬಿಟ್ಟಿದ್ದೆ.

ಅಜ್ಜನ ಕೆಲಸ ಏನಿತ್ತು ಎಂದು ಮೊದಲು ಹೇಳಬೇಕು. ನಮ್ಮಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗುತ್ತದೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಾಗ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಸದ್ದು ಬಂತೋ, ಕಾಯಿ ಒಡೆಯಬಹುದು. ಇದನ್ನು ಹೇಳುವುದರಲ್ಲಿ ಅಜ್ಜನ ಕಿವಿಯೇ ಕೊನೆಯ ತೀರ್ಪು. ಎರಡು ವರ್ಷದ ಹಿಂದೆ ಅಜ್ಜನ ಕಾಲಿನ ಮಂಡಿ ಕೈಕೊಟ್ಟಿತು. ಅಟ್ಟ ಹತ್ತುವುದು ನಿಂತಿತು. ಅದೇ ವಾರ ವಾಚೂ ನಿಂತಿತು!

"ಕೊಬ್ಬರಿ ಕೊಳ್ಳಕ್ಕೆ ಬತ್ತಿದ್ದ ಉತ್ತರದ ಸೇಟು ಕೊಟ್ಟಿದ್ದು ಕಣಪ್ಪ. ಒಂದಿನಾನೂ ಕೀ ಕೇಳ್ಲಿಲ್ಲ. ನಾನು ಅಟ್ಟ ಇಳಿದೆ, ಅದೂ ನಿಂತೋಯ್ತು. ಕಿವಿ ಹತ್ರ ಅಲ್ಲಾಡಿಸ್ದೆ. ಲೊಡಲೊಡ ಅಂತು. ಒಳಗೆಲ್ಲಾ ಕಳಚ್ಕಂಡೈತೆ ಅಂತ ಪೆಟ್ಟಿಗೆಗೆ ಹಾಕ್ದೆ. ನಂದೂ ಮುಗೀತು, ಅದರ್ದೂ ಮುಗೀತು, ಬುಡು."

ನಾನೂ ಕಿವಿಗೆ ಹಿಡಿದೆ. ಲೊಡಲೊಡ. ಅದು ಕಳಚಿದ ಸದ್ದಲ್ಲ! ಆಟೊಮ್ಯಾಟಿಕ್ ವಾಚಿನೊಳಗೆ ಅರ್ಧಚಂದ್ರದಂಥ ಒಂದು ತೂಕ ಇರುತ್ತದೆ. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಅಜ್ಜ ವಾಚು ಕಟ್ಟುತ್ತಿದ್ದದ್ದು ಬಲಗೈಗೆ. ಕಾಯಿ ಅಲ್ಲಾಡಿಸುತ್ತಿದ್ದದ್ದೂ ಅದೇ ಕೈ. ಅಂದರೆ ಇಷ್ಟು ವರ್ಷ ಅದಕ್ಕೆ ಕೀ ಕೊಟ್ಟದ್ದು ಕೊಬ್ಬರಿ!

ಹೇಳಿದೆನೇ? ಇಲ್ಲ. (ಕಾಫಿ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಮೂವತ್ತೆರಡನೇ ಸಾಲು ಜೇಬಿನಲ್ಲೇ ಕೂತು ಕರೆಯುತ್ತಿತ್ತು.)

ಆಗ ಒಳಗಿನಿಂದ ಸೊಸೆ ಮಂಜುಳಕ್ಕ ಕೂಗಿದರು, "ಮಾವ, ಟೈಮ್ ಎಷ್ಟು? ಕರೆಂಟ್ ಹೋಗೋದ್ರೊಳಗೆ ತೋಟಕ್ಕೆ ನೀರು ಬುಡ್ಬೇಕು."

ಅಜ್ಜ ಬಲಗೈ ಎತ್ತಿ ಮಣಿಕಟ್ಟು ನೋಡಿಕೊಂಡರು. ಅಲ್ಲಿ ಏನಿದೆ? ಬರೀ ಚರ್ಮ. ಎರಡು ವರ್ಷವಾದರೂ ಆ ಕೈ ಮರೆತಿಲ್ಲ.

"ಅಜ್ಜ, ಇದು ಕೆಟ್ಟಿಲ್ಲ. ಹಸಿದಿದೆ ಅಷ್ಟೆ. ಕಾಯಿ ನೋಡೋ ಹಾಗೆ ಅಲ್ಲಾಡಿಸಿ," ಎಂದು ವಾಚನ್ನು ವಾಪಸ್ಸು ಕೊಟ್ಟೆ.

ಅಜ್ಜ ಅನುಮಾನದಿಂದಲೇ ಶುರು ಮಾಡಿದರು. ನಾನು ಎಣಿಸಿದೆ. (ಬಿಡುತ್ತೇನೆಯೇ?) ಮೂವತ್ತೇಳನೇ ಸಲಕ್ಕೆ ಸೆಕೆಂಡ್ ಮುಳ್ಳು ಒಮ್ಮೆ ನಡುಗಿ, ಹೊರಟೇಬಿಟ್ಟಿತು. ಅಜ್ಜ ಕೈ ನಿಲ್ಲಿಸಲೇ ಇಲ್ಲ.

ಬಾಗಿಲಿಗೆ ಬಂದ ಮಂಜುಳಕ್ಕ, "ಕೈಲಾಗಲ್ಲ ಕೈಲಾಗಲ್ಲ ಅಂತಿದ್ರಲ್ಲ ಮಾವ?" ಎಂದರು.

"ಕೈಲಾಗ್ದೇ ಇರೋದು ಮಂಡಿಗೆ ಕಣೇ! ಕೈಗೆ ಏನಾಗೈತೆ? ಅಟ್ಟದ್ ಕಾಯಿ ಕೆಳಕ್ಕೆ ಇಳಿಸ್ಕೊಡು, ಇಲ್ಲೇ ಕುಂತು ನೋಡ್ತೀನಿ."

ಹೇಳುವುದಕ್ಕೆ ಎಷ್ಟು ಸುಲಭ! ಇಷ್ಟು ದಿನ ಇದು ಯಾರಿಗೂ ಹೊಳೆದಿರಲಿಲ್ಲ. ಅಟ್ಟ ಹತ್ತಲಾಗದವನ ಕೆಲಸ ಮುಗಿಯಿತು ಎಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು. ಮೊದಲು ಒಪ್ಪಿಕೊಂಡವರು ಅಜ್ಜ.

ನಾನು 12.15ರ ಬಸ್ಸಿಗೆ ಹೊರಡುವಾಗ ಜಗಲಿ ತುಂಬ ಕಾಯಿ. ಅಜ್ಜ ಒಂದನ್ನು ಪಕ್ಕಕ್ಕೆ ತಳ್ಳಿ, "ಇದು ಇನ್ನೂ ಹಸಿ. ಇದನ್ನ್ಯಾಕೆ ಇಳಿಸ್ದೆ?" ಎಂದು ಗದರಿದರು. ಮಂಜುಳಕ್ಕ ನನ್ನ ಕಡೆ ತಿರುಗಿ, "ಎರಡು ವರ್ಷ ನೆಮ್ಮದಿಯಾಗಿದ್ದೆ. ಯಾಕಾದ್ರೂ ಬಂದ್ರಿ?" ಎಂದರು. ಮುಖದ ತುಂಬ ನಗು.

ಮೂವತ್ತೆರಡನೇ ಸಾಲು ಖಾಲಿಯೇ ಇದೆ. ಬುಧವಾರ ಅಜ್ಜನ ಫೋನ್ ಬಂತು, ದೂರಿನ ದನಿಯಲ್ಲಿ. ವಾಚು ನಾಲ್ಕು ನಿಮಿಷ ಮುಂದೆ ಓಡುತ್ತಿದೆಯಂತೆ.

ಎರಡು ವರ್ಷ ಸುಮ್ಮನೆ ಕೂತಿದ್ದವರು ಸ್ವಲ್ಪ ಅವಸರ ಮಾಡಿದರೆ ತಪ್ಪೇ?