ಹಣೆಯ ಮೂರು ಗೆರೆ

ಜಯನಗರ ನಾಲ್ಕನೇ ಬ್ಲಾಕಿನ ಆ ಸೀರೆ ಅಂಗಡಿಯಲ್ಲಿ ಸೋಮಲಿಂಗಪ್ಪ ಮೂವತ್ತೊಂದು ವರ್ಷದಿಂದ ದಿನಾ ಸೀರೆ ಉಡುತ್ತಿದ್ದ. ನಗಬೇಡಿ, ಸೀರೆ ಅಂಗಡಿಯ ಗಂಡಸರ ಕೆಲಸವೇ ಅದು. ಎದುರಿಗೆ ಹತ್ತು ಸೀರೆ ಬಿಡಿಸಿ ಹಾಸಿದರೂ ಗಿರಾಕಿಗೆ ಸಮಾಧಾನವಿಲ್ಲ, ಮೈಮೇಲೆ ಬಿದ್ದರೆ ಹೇಗೆ ಕಾಣುತ್ತದೆ ಎಂದು ನೋಡಲೇಬೇಕು. ಆಗ ಸೋಮಲಿಂಗಪ್ಪ ಎದ್ದು ನಿಂತು, ಬಿಳಿ ಅಂಗಿ ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿ, ಒಂದು ಪಿನ್ನೂ ಇಲ್ಲದೆ ನೆರಿಗೆ ಹಿಡಿದು, ಸೆರಗನ್ನು ಎಡ ಹೆಗಲಿಗೆ ಇಳಿಬಿಡುತ್ತಿದ್ದ. ಮೊದಲ ಸಲ ಬಂದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಗುತ್ತಿದ್ದರು. ಅವರ ಅಮ್ಮಂದಿರು ಮಾತ್ರ ನಗದೆ ಸೆರಗನ್ನೇ ನೋಡುತ್ತಿದ್ದರು.

ಸೋಮಲಿಂಗಪ್ಪ ಸೆರಗನ್ನು ನೋಡುತ್ತಿರಲಿಲ್ಲ, ಗಿರಾಕಿಯ ಮುಖ ನೋಡುತ್ತಿದ್ದ. ಬಾಯಲ್ಲಿ ‘ಬೇರೆ ತೋರಿಸಿ’ ಎನ್ನುವವಳ ಕಣ್ಣು ಒಂಚೂರು ಅಗಲವಾಯಿತೋ, ಮುಗಿಯಿತು, ಆಮೇಲೆ ಅವನು ಬೇರೆ ಸೀರೆ ಮುಟ್ಟುತ್ತಿರಲಿಲ್ಲ. ‘ಇದೇ ನಿಮ್ದು ಮೇಡಂ’ ಎಂದು ಮಡಿಸತೊಡಗುತ್ತಿದ್ದ. ಜೆ.ಪಿ. ನಗರದಿಂದ ಪ್ರತಿ ಗೌರಿ ಹಬ್ಬಕ್ಕೂ ಬರುತ್ತಿದ್ದ ವಾರಿಜಾ ಎಂಬ ಬ್ಯಾಂಕಿನ ಮೇಡಂ ಇಪ್ಪತ್ತು ವರ್ಷದಲ್ಲಿ ಅವನು ಆರಿಸಿದ ಒಂದು ಸೀರೆಯನ್ನೂ ವಾಪಸ್ ತಂದವರಲ್ಲ. ಹೆಸರು ಗೊತ್ತಿಲ್ಲದವರು ಬಾಗಿಲಲ್ಲಿ ನಿಂತು, ‘ಆ ವಿಭೂತಿಯೋರು ಇದಾರಾ?’ ಎಂದು ಕೇಳುತ್ತಿದ್ದರು. ಹಣೆಯ ಈ ತುದಿಯಿಂದ ಆ ತುದಿಯವರೆಗೆ ಮೂರು ಬೆರಳಿನ ದಪ್ಪ ವಿಭೂತಿ ಇಲ್ಲದೆ ಅವನು ಶ್ರೀನಗರದ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಎಂಬತ್ತೆರಡು ವರ್ಷದ ತಾಯಿ ಬಸವಲಿಂಗಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಹೋಗುವಾಗ ಒಮ್ಮೆ ಹಣೆ ನೋಡಿಯೇ ಮಗನನ್ನು ಕಳಿಸುತ್ತಿದ್ದಳು.

ಯಜಮಾನ ರಾಮಪ್ರಸಾದರಿಗೆ ಮಂಡಿನೋವು ಹೆಚ್ಚಾಗಿ, ಮಗ ಮಯೂರ್ ಗಲ್ಲಾದ ಹಿಂದೆ ಕೂತ ಮೇಲೆ ಕಾಲ ಬದಲಾಯಿತು. ಹುಡುಗ ಕೆಟ್ಟವನೇನಲ್ಲ. ಎಲ್ಲರನ್ನೂ ಅಂಕಲ್ ಎನ್ನುತ್ತಾನೆ, ಹಬ್ಬಕ್ಕೆ ಸ್ವೀಟ್ ಬಾಕ್ಸು ಕೊಡುತ್ತಾನೆ. ಆದರೆ ಎದುರಿಗಿರುವ ಮನುಷ್ಯನನ್ನೂ ಫೋನಿನೊಳಗಿಂದಲೇ ನೋಡುವ ಜಾತಿ. ಆಷಾಢದ ಖಾಲಿ ಅಂಗಡಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅವನು ಹೇಳಿದ್ದು ಇಷ್ಟು: ಶ್ರಾವಣದಿಂದ ಫೋನಿನಲ್ಲೇ ಲೈವ್ ವ್ಯಾಪಾರ. ಕ್ಯಾಮೆರಾ ಮುಂದೆ ನಿಲ್ಲಬಲ್ಲವರು ಕೆಳಗೆ, ಉಳಿದವರು ಮೂರನೇ ಮಹಡಿಯ ಸ್ಟಾಕ್ ರೂಮಿಗೆ.

ಮೊದಲು ಪರೀಕ್ಷೆಗೆ ನಿಂತವನು ವಿಜಯಕುಮಾರ್. ಸೋಮಲಿಂಗಪ್ಪನಿಗಿಂತ ಎರಡೇ ವರ್ಷ ದೊಡ್ಡವನು. ಮಯೂರ್ ಅವನ ಎರಡು ನಿಮಿಷದ ವಿಡಿಯೋ ತೆಗೆದು ಅವನಿಗೇ ತೋರಿಸಿ, ‘ನೋಡಿ ಅಂಕಲ್, ಕ್ಯಾಮೆರಾದಲ್ಲಿ ವಯಸ್ಸು ಎದ್ದು ಕಾಣತ್ತೆ’ ಎಂದ. ವಿಜಯಕುಮಾರ್ ಆವತ್ತೇ ಊಟದ ಡಬ್ಬಿ ಎತ್ತಿಕೊಂಡು ಮೇಲೆ ಹೋದ. ಮೂರು ದಿನ ಬಿಟ್ಟು ಸೋಮಲಿಂಗಪ್ಪ ವಿಚಾರಿಸಿದಾಗ, ‘ಮೇಲೆ ಫ್ಯಾನ್ ಚೆನ್ನಾಗಿದೆ ಕಣೋ’ ಎಂದನಷ್ಟೆ.

‘ನಿಮ್ದು ಬರೋ ಶುಕ್ರವಾರ ಇಟ್ಕೊಳೋಣ’ ಎಂದಿದ್ದ ಮಯೂರ್.

ಸೋಮಲಿಂಗಪ್ಪನಿಗೆ ಭಯವಾಯಿತು. ಸಂಬಳ ಮೇಲೂ ಅಷ್ಟೇ, ಕೆಳಗೂ ಅಷ್ಟೇ, ಆ ಭಯವಲ್ಲ. ಸ್ಟಾಕ್ ರೂಮಿನಲ್ಲಿ ನುಸಿಗುಳಿಗೆಯ ವಾಸನೆ ಇದೆ, ಬಂಡಲುಗಳಿವೆ, ಮುಖಗಳಿಲ್ಲ. ಹೆಂಗಸರ ಕಣ್ಣು ಅಗಲವಾಗುವುದನ್ನು ನೋಡದೆ ಒಂದು ದಿನವನ್ನು ಹೇಗೆ ಕಳೆಯುವುದೆಂದೇ ಅವನಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಊರವರ ಮುಖ ಓದಿದವನು ಆ ಸಂಜೆ ಮೊದಲ ಬಾರಿಗೆ ವಿಭೂತಿ ತೊಳೆದುಕೊಂಡು ತನ್ನ ಮುಖವನ್ನು ಕನ್ನಡಿಯಲ್ಲಿ ಓದಿದ. ಹಣೆಯ ಮೇಲೆ ಉದ್ದಕ್ಕೂ ಮೂರು ಸುಕ್ಕು. ದಿನಾ ವಿಭೂತಿ ಎಳೆಯುತ್ತಿದ್ದ ಜಾಗದಲ್ಲೇ, ಅಳತೆ ಹಿಡಿದು ಕೊರೆದ ಹಾಗೆ.

ಸುಕ್ಕು ಅಳಿಸುವ ಕ್ರೀಮು ಸಿಕ್ಕಿದ್ದು ಹೆಂಡತಿ ಗೌರಮ್ಮನ ಫೋನಿನಲ್ಲಿ. ಅಡುಗೆ ವಿಡಿಯೋದ ಮಧ್ಯೆ ಒಬ್ಬಳು ಬಂದು, ರಾತ್ರಿ ಹಚ್ಚಿ ಮಲಗಿ, ಬೆಳಿಗ್ಗೆ ಹತ್ತು ವರ್ಷ ಚಿಕ್ಕವರಾಗಿ ಏಳಿ ಎಂದಳು. ಮುಪ್ಪಿಗೆ ಮದ್ದಿಲ್ಲ ಎನ್ನುವುದು ಸೋಮಲಿಂಗಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಪಾರ್ಸಲ್ಲು ಬುಧವಾರ ಬಂತು, ಬಂದದ್ದು ಬಾಗಿಲಲ್ಲಿ ಕೂತಿದ್ದ ಬಸವಲಿಂಗಮ್ಮನ ಕೈಗೆ.

‘ಏನಪ್ಪಾ ಇದು ಡಬ್ಬಿ?’

‘ಹಿಮ್ಮಡಿ ಒಡ್ದೈತಲ್ಲವ್ವ, ಅದಕ್ಕೆ ಮುಲಾಮು.’

ಐವತ್ತೇಳು ವರ್ಷದವನು ಮುಖಕ್ಕೆ ಕ್ರೀಮು ತರಿಸಿದ್ದೇನೆ ಎಂದು ತಾಯಿಗೆ ಹೇಗೆ ಹೇಳಿಯಾನು? ಆ ಒಂದು ಸಣ್ಣ ಸುಳ್ಳೇ ಮುಂದಿನದಕ್ಕೆಲ್ಲ ಮೂಲವಾಯಿತು.

ಡಬ್ಬಿಯ ತಳದಲ್ಲಿ ಸಾಸಿವೆ ಗಾತ್ರದ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಬಟಾಣಿಯಷ್ಟು ತಗೊಳ್ಳಿ ಎನ್ನುವುದು ಮಾತ್ರ ಅವನಿಗೆ ಅರ್ಥವಾಯಿತು. ಇಷ್ಟು ವರ್ಷದ ಸುಕ್ಕಿಗೆ ಒಂದು ಬಟಾಣಿ ಯಾವ ಮೂಲೆಗೆ ಎಂದುಕೊಂಡ. ಕೈ ತನ್ನ ಅಭ್ಯಾಸ ಬಿಡಲಿಲ್ಲ. ಎಡ ಅಂಗೈ ಮೇಲೆ ಕ್ರೀಮು ಹಾಕಿಕೊಂಡು, ಬಲಗೈಯ ಮೂರು ಬೆರಳು ಅದ್ದಿ, ವಿಭೂತಿ ಎಳೆದಂತೆಯೇ ಹಣೆಯ ಉದ್ದಕ್ಕೂ ದಪ್ಪಗೆ ಎಳೆದು ಮಲಗಿದ.

ಗುರುವಾರ ಬೆಳಿಗ್ಗೆ ಹಣೆ ಚುರುಚುರು ಎನ್ನುತ್ತಿತ್ತು. ಕೆಲಸ ಮಾಡುತ್ತಿದೆ ಎಂದು ಅವನಿಗೆ ಸಂತೋಷವೇ ಆಯಿತು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಎಂದಿನಂತೆ ಒತ್ತಿ ಎಳೆದುಕೊಂಡ. ಕ್ರೀಮಿನಿಂದ ಬಾಡಿದ ಚರ್ಮದ ಮೇಲೆ ಬೂದಿ. ಬಸ್ಸಿನ ಕಿಟಕಿಯ ಬಿಸಿಲು ಬಿದ್ದದ್ದೇ ತಡ, ಕೆಂಡ ಇಟ್ಟಂತಾಯಿತು. ಮಧ್ಯಾಹ್ನದ ಹೊತ್ತಿಗೆ ಹಣೆ ಊದಿತ್ತು. ಗಿರಾಕಿಯೊಬ್ಬಳು ಸೀರೆ ಬಿಟ್ಟು ಅವನ ಹಣೆಯನ್ನೇ ನೋಡತೊಡಗಿದಾಗ ಅವನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದ.

ಸಂಜೆ ಮನೆಗೆ ಬಂದವನನ್ನು ಬಸವಲಿಂಗಮ್ಮ ಬಾಗಿಲಲ್ಲೇ ಹಿಡಿದಳು.

‘ಅಯ್ಯೋ ಶಿವನೇ, ಏನೋ ಇದು ಕೆಂಪಗೆ! ಯಾರ ಕಣ್ಣು ಬಿತ್ತೋ. ಆ ಅಂಗ್ಡೀಲಿ ದಿನಾ ನೂರು ಜನ ನೋಡ್ತಾರೆ.’

ಜ್ವರಕ್ಕೆ, ಹೆದರಿಕೆಗೆ, ದೃಷ್ಟಿಗೆ, ಹೊಟ್ಟೆನೋವಿಗೆ, ಎಲ್ಲದಕ್ಕೂ ಆ ತಾಯಿಗೆ ತಿಳಿದಿದ್ದ ಮದ್ದು ಒಂದೇ. ಮಠದಿಂದ ತಂದ ವಿಭೂತಿ ಗಟ್ಟಿಯನ್ನು ತೇಯ್ದು, ಮಗನನ್ನು ಎದುರಿಗೆ ಕೂರಿಸಿಕೊಂಡು, ಶಿವಮಂತ್ರ ಹೇಳುತ್ತಾ ತಾನೇ ಬಳಿದಳು. ಬೇಡವ್ವ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕಿತ್ತು. ಅವನು ಹಲ್ಲುಕಚ್ಚಿ ಕೂತ. ಗಾಯದ ಮೇಲೆ ಬರೆ ಎಳೆದಂತೆ ಎನ್ನುತ್ತಾರಲ್ಲ, ಆ ಮಾತನ್ನು ಅವನು ಹಣೆಯಾರೆ ಅನುಭವಿಸಿದ. ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಬಸವಲಿಂಗಮ್ಮ, ‘ದೃಷ್ಟಿ ಬಿಡ್ತು ನೋಡು’ ಎಂದು ಸಮಾಧಾನಪಟ್ಟಳು.

ಶುಕ್ರವಾರ ಬೆಳಿಗ್ಗೆ ಎದ್ದಾಗ ಚರ್ಮ ಸುಲಿದಿತ್ತು. ಬಿಳಿಯ ಮೂರು ಪಟ್ಟೆ ಇರಬೇಕಾದ ಜಾಗದಲ್ಲಿ ರಸ ಒಸರುವ ಮೂರು ಕೆಂಪು ಪಟ್ಟೆ. ಗೌರಮ್ಮ ಮಂಚದ ಕೆಳಗಿನ ಡಬ್ಬಿ ತೆಗೆದು, ಗಂಡನನ್ನು ಕರೆದುಕೊಂಡು ಕ್ಲಿನಿಕ್ಕಿಗೆ ನಡೆದಳು. ಹಿಮ್ಮಡಿಯ ಮುಲಾಮು ಹಣೆಗೆ ಹೇಗೆ ಹತ್ತಿತು ಎಂದು ಅವಳು ಕೇಳಲೇ ಇಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು. ಡಾಕ್ಟರಮ್ಮ ಡಬ್ಬಿಯ ಅಕ್ಷರಗಳನ್ನು ಓದಿ ತಲೆ ಅಲ್ಲಾಡಿಸಿ, ‘ಒಂದು ತಿಂಗಳು ನಾನು ಕೊಟ್ಟಿದ್ದು ಬಿಟ್ಟು ಹಣೆಗೆ ಏನೂ ಸೋಕಿಸ್ಬೇಡಿ. ವಿಭೂತಿನೂ ಬೇಡ’ ಎಂದರು.

ಅಂಗಡಿಗೆ ಹೊರಟಾಗ ಬಸವಲಿಂಗಮ್ಮ ಕುರ್ಚಿಯಿಂದ ಎದ್ದು ನಿಂತಳು.

‘ಬರೀ ಹಣೇಲಿ ಹೊಂಟೆಯಾ? ಮಣ್ಣಿಗಿಡೋವಾಗ್ಲೂ ನಮ್ಮೋರ ಹಣೆ ಬರಿದು ಬಿಡಲ್ಲ ಕಣೋ.’

ಇನ್ನು ಮುಚ್ಚಿಡಲು ಅವನಲ್ಲಿ ತ್ರಾಣವಿರಲಿಲ್ಲ. ‘ಅವ್ವ, ದೃಷ್ಟಿ ಅಲ್ಲ. ವಯಸ್ಸು ಕಾಣ್ಬಾರ್ದು ಅಂತ ಮುಖಕ್ಕೆ ಕ್ರೀಮು ಹಚ್ಕೊಂಡೆ. ಅದು ಸುಟ್ಟೋಯ್ತು. ಅದರ ಮೇಲೆ ವಿಭೂತಿ ಬಿತ್ತು.’

ಬೈಯುತ್ತಾಳೆ ಎಂದುಕೊಂಡಿದ್ದ, ಬೈಯಲಿಲ್ಲ. ಮಗನ ಗಲ್ಲವನ್ನು ಹಿಡಿದು, ಬೆಳಕಿನ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದಳು. ತಾನು ಬಳಿದ ವಿಭೂತಿಯೇ ಉರಿಸಿತು ಎಂದು ಅವಳಿಗೆ ಹೊಳೆದಿರಬೇಕು, ತನ್ನ ಮೂರು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

‘ನಿನ್ ಮುಖಕ್ಕೆ ಏನಾಗಿತ್ತಪ್ಪಾ?’ ಎಂದು ಕೇಳಿದಳು.

ಅವನು ಚಪ್ಪಲಿ ಮೆಟ್ಟಿ ಹೊರಟ. ಬಸ್ಸಿನಲ್ಲಿ ಕರ್ಚೀಫನ್ನು ಹಣೆಗೆ ಅಡ್ಡ ಹಿಡಿದು ಕೂತ. ಇವತ್ತೇ ಊಟದ ಡಬ್ಬಿ ಎತ್ತಿಕೊಂಡು ಮೂರನೇ ಮಹಡಿ ಹತ್ತುವುದು ಖಂಡಿತ ಎಂದುಕೊಂಡ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಬಳೆಯಾಕಾರದ ದೀಪ, ಅದರ ನಡುವೆ ಫೋನು. ಮಯೂರ್ ಫೋನಿನ ಹಿಂದೆ ಬಗ್ಗಿದ್ದ, ತಲೆ ಎತ್ತಲಿಲ್ಲ. ‘ಬನ್ನಿ ಅಂಕಲ್, ಇವತ್ತೇ ಒಂದ್ಸಲ ಲೈವ್ ಬಿಟ್ಟು ನೋಡೋಣ. ಆ ಹಸಿರು ರೇಷ್ಮೆ ಉಡಿ. ಒಂಚೂರು ಎಡಕ್ಕೆ. ಹಾಂ.’ ಫೋನನ್ನು ಒಂದು ಗೇಣು ಕೆಳಗಿಳಿಸಿದ. ‘ಕತ್ತಿಂದ ಕೆಳಗೆ ಮಾತ್ರ ಬರತ್ತೆ. ನೀವು ಉಡ್ತಾ ಹೋಗಿ, ಮಾತು ನಮ್ಮ ಬಿಲ್ಲಿಂಗ್ ಸುರಭಿ ಆಡ್ತಾಳೆ.’

ಸುಟ್ಟ ಹಣೆ ಕಾಣಬಾರದೆಂದು ಹುಡುಗ ಇಷ್ಟು ಉಪಕಾರ ಮಾಡಿದನಲ್ಲ ಎಂದುಕೊಂಡ ಸೋಮಲಿಂಗಪ್ಪ. ಕೈ ಚುರುಕಾಯಿತು. ಹಸಿರು, ಅರಿಶಿನ, ಮಾವಿನ ಅಂಚು, ಒಂದಾದ ಮೇಲೊಂದು ನೆರಿಗೆ ಹಿಡಿದ. ಎದುರಿಗೆ ನೋಡಿದರೆ ಮುಖವಿಲ್ಲ, ಫೋನಿನ ಕಪ್ಪು ಕಣ್ಣು ಮಾತ್ರ. ಯಾವ ಸೀರೆ ಯಾರಿಗೆ ಹಿಡಿಸಿತೋ ತಿಳಿಯಲಿಲ್ಲ. ಆದರೆ ಅಂದು ಹೋದಷ್ಟು ಸೀರೆ ಆಷಾಢದಲ್ಲಿ ಆ ಅಂಗಡಿಯಿಂದ ಎಂದೂ ಹೋಗಿರಲಿಲ್ಲ. ‘ಸಖತ್ ಅಂಕಲ್, ನೀವು ಕೆಳಗೇ’ ಎಂದ ಮಯೂರ್.

ಹಣೆ ವಾಸಿಯಾಗಲಿ, ಫೋನು ಮೇಲೇರುತ್ತದೆ, ಆಮೇಲೆ ಗಿರಾಕಿಗಳ ಎದುರಿಗೂ ನಿಲ್ಲಬಹುದು. ಹೀಗೆಂದುಕೊಂಡು ಅವನು ಆ ಹಿಂದಿನ ಕೋಣೆಯಲ್ಲೇ ದಿನ ದೂಡಿದ. ಶ್ರಾವಣದ ನಡುವೆ ಒಂದು ದಿನ ಕಾಫಿಗೆ ಹೊರಗೆ ಬಂದಾಗ ವಾರಿಜಾ ಮೇಡಂ ಎದುರಾದರು. ಪಕ್ಕದಲ್ಲೇ ಹಾದು ಮುಂದೆ ಹೋದವರು ನಿಂತು, ತಿರುಗಿ, ಅನುಮಾನದಿಂದ ನೋಡಿದರು.

‘ಸೋಮಣ್ಣ ಅಲ್ವಾ? ಅಯ್ಯೋ, ವಿಭೂತಿ ಇಲ್ದೆ ಗುರುತೇ ಸಿಗ್ಲಿಲ್ಲ! ಅಂಗಡೀಲಿ ಕಾಣ್ಲೇ ಇಲ್ಲ, ಬಿಟ್ಬಿಟ್ರೇನೋ ಅಂದ್ಕೊಂಡೆ. ಈ ಸಲ ಫೋನಲ್ಲೇ ನೋಡಿ ತಗೊಂಡೆ. ಅದರಲ್ಲಿ ಸೀರೆ ಉಡೋ ಹುಡುಗ ಇದಾನಲ್ಲ, ಥೇಟ್ ನಿಮ್ಮ ಥರಾನೇ ನೆರಿಗೆ ಹಿಡೀತಾನೆ. ನೀವೇ ಕಲಿಸಿದ್ದಾ?’

ಕ್ರೀಮಿನವಳು ಹೇಳಿದ ಹತ್ತು ವರ್ಷವಲ್ಲ, ಮೂವತ್ತು ವರ್ಷ ಇಳಿದಿತ್ತು. ನಾನೇ ಆ ಹುಡುಗ ಎನ್ನಲು ಬಾಯಿ ತೆರೆದ. ಆದರೆ ಮೇಡಂ ಮುಖದಲ್ಲಿ ಆ ಹುಡುಗನ ಬಗ್ಗೆ ಎಷ್ಟೊಂದು ಮೆಚ್ಚುಗೆ ಇತ್ತೆಂದರೆ, ಮುಖ ಓದುವುದು ಗೊತ್ತಿದ್ದವನು ಅದನ್ನು ಕೆಡಿಸಲಾರದೆ ಹೋದ.

‘ಹೂಂ ಮೇಡಂ, ನಾನೇ ಕಲಿಸಿದ್ದು’ ಎಂದ.

ಡಾಕ್ಟರಮ್ಮ ಹೇಳಿದ್ದಕ್ಕಿಂತ ಒಂದು ವಾರ ಹೆಚ್ಚೇ ಕಾದು, ಒಂದು ಸೋಮವಾರ ಬೆಳಿಗ್ಗೆ ಸೋಮಲಿಂಗಪ್ಪ ಮತ್ತೆ ವಿಭೂತಿ ತೇಯ್ದ. ಹೊಸ ಚರ್ಮ ಉರಿಯಲಿಲ್ಲ. ಸುಕ್ಕು ಮೂರೂ ಇದ್ದಲ್ಲೇ ಇದ್ದವು. ಬಸವಲಿಂಗಮ್ಮ ಕುರ್ಚಿಯಲ್ಲಿ ಕೂತೇ ಮಗನ ಹಣೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ಈಗ ನನ್ ಮಗ ಆದೆ. ಹೋಗು, ನಾಕು ಜನ ನೋಡ್ಲಿ.’

ಅವನು ಅಂದು ಬೇಗ ಅಂಗಡಿ ತಲುಪಿದ. ಮಯೂರ್ ದೀಪ ಜೋಡಿಸುತ್ತಿದ್ದ. ಸೋಮಲಿಂಗಪ್ಪ ಅವನ ಎದುರಿಗೇ ಹೋಗಿ ನಿಂತ.

‘ವಾಸಿ ಆಯ್ತು ಮಯೂರ್.’

‘ಏನು ವಾಸಿ ಆಯ್ತು ಅಂಕಲ್?’

‘ಹಣೆ. ಸುಟ್ಟಿತ್ತಲ್ಲ. ಇನ್ನು ಫೋನು ಮೇಲಕ್ಕೆ ಇಡ್ಬಹುದು.’

ಮಯೂರ್ ತಲೆ ಎತ್ತಿದ. ಎಷ್ಟೋ ದಿನದ ಮೇಲೆ ನಿಜವಾಗಿ ಅವನ ಮುಖ ನೋಡಿದ, ಅರ್ಥವಾಗದವನ ಹಾಗೆ. ‘ಸುಟ್ಟಿತ್ತಾ? ಯಾವಾಗ? ನಾನು ನೋಡ್ಲೇ ಇಲ್ವಲ್ಲ. ಇಲ್ಲ ಅಂಕಲ್, ನಿಮ್ಮ ಮುಖ ಮೊದಲಿಂದಲೂ ಪ್ಲಾನಲ್ಲಿ ಇರ್ಲಿಲ್ಲ. ಕೈ ಸಾಕು, ಕೈ ಸೂಪರ್.’ ಹಾಗೆಂದು ಫೋನನ್ನು ಎಂದಿನ ಎತ್ತರಕ್ಕೆ ಇಳಿಸಿದ.

ಸೋಮಲಿಂಗಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದುಃಖ. ಯಾರೂ ನೋಡದ ಮುಖವನ್ನು ಸುಟ್ಟುಕೊಂಡೆನಲ್ಲ, ತಾಯಿಯ ಕೈಯಿಂದಲೂ ಸುಡಿಸಿಕೊಂಡೆನಲ್ಲ ಎಂಬ ದುಃಖ. ನೀಲಿ ರೇಷ್ಮೆಯೊಂದನ್ನು ಬಿಡಿಸಿ ನೆರಿಗೆ ಹಿಡಿಯತೊಡಗಿದ. ಒಂದು ನೆರಿಗೆಯೂ ತಪ್ಪಲಿಲ್ಲ.

ಸಂಜೆ ಅವನು ಬರುವುದನ್ನೇ ಬಸವಲಿಂಗಮ್ಮ ಬಾಗಿಲಲ್ಲಿ ಕಾಯುತ್ತಿದ್ದಳು. ‘ಏನಂದ್ರಪ್ಪಾ ಅಂಗ್ಡೀಲಿ? ವಿಭೂತಿ ನೋಡಿದ್ರಾ?’

ಚಪ್ಪಲಿ ಬಿಡಲು ಬಗ್ಗಿದ್ದವನು ಬಗ್ಗಿಕೊಂಡೇ ಹೇಳಿದ:

‘ನೋಡಿದ್ರವ್ವ. ಎಲ್ಲಾರೂ ನೋಡಿದ್ರು.’